ಕಪ್ಪು ಐದರ ಪುಟ್ಟಕ್ಕ

ಪುಟ್ಟಕ್ಕನಿಗೆ ಐವತ್ತಮೂರು ತುಂಬಿತ್ತು. ಆ ವಯಸ್ಸಿನಲ್ಲಿ ಹಾಗೆ ಕರೆಸಿಕೊಳ್ಳಲು ಬೇರೆ ಯಾರಿಗಾದರೂ ನಾಚಿಕೆಯಾಗುತ್ತಿತ್ತು, ಅವಳಿಗೆ ಮಾತ್ರ ಆಗುತ್ತಿರಲಿಲ್ಲ. ನಾಟಕ ಮಂಡಳಿಯಲ್ಲಿ ಅವಳ ಅಕ್ಕ ಕೀಬೋರ್ಡ್ ನುಡಿಸುತ್ತಿದ್ದಳು. ಆಕೆ ಎಲ್ಲರಿಗೂ ದೊಡ್ಡಕ್ಕ, ಹಾಗಾಗಿ ಇವಳು ಪುಟ್ಟಕ್ಕ. ರಂಗದ ಮೇಲಂತೂ ಇವಳಿಗೆ ಇನ್ನೂ ಹತ್ತೊಂಬತ್ತು ದಾಟಿರಲಿಲ್ಲ. ‘ಬೀಗದವನ ಮಗಳು’ ಎಂಬ ಸಂಗೀತ ನಾಟಕದಲ್ಲಿ ಬೀಗ ಮಾಡುವವನ ಒಬ್ಬಳೇ ಮಗಳಾಗಿ, ಇಪ್ಪತ್ತೊಂಬತ್ತು ವರ್ಷಗಳಿಂದ ಅದೇ ಬಾಗಿಲ ಹಿಂದೆ ನಿಂತು ಅದೇ ಪ್ರಿಯಕರನನ್ನು ಕಾಯುತ್ತಿದ್ದಳು. ಪ್ರಿಯಕರರು ಮಾತ್ರ ಮೂವರು ಬದಲಾಗಿದ್ದರು. ಒಬ್ಬನಿಗೆ ಮಂಡಿ ನೋವು, ಒಬ್ಬನಿಗೆ ಬ್ಯಾಂಕಿನಲ್ಲಿ ನೌಕರಿ, ಮೂರನೆಯವನಿಗೆ ಹೆಂಡತಿಯ ಅಪ್ಪಣೆ. ಈಗಿನ ನಾಲ್ಕನೆಯವನು ಒಮ್ಮೆ ತಾಲೀಮಿನಲ್ಲಿ “ಪ್ರಿಯೆ” ಅನ್ನಬೇಕಾದಲ್ಲಿ ಬಾಯಿ ತಪ್ಪಿ “ಆಂಟಿ” ಅಂದುಬಿಟ್ಟು, ಒಂದು ವಾರ ಅವಳ ಎದುರು ತಲೆ ಎತ್ತಿರಲಿಲ್ಲ.

ಹದಿನೇಳರ ವಯಸ್ಸಿನಲ್ಲಿ ಅಕ್ಕನ ಬೆನ್ನು ಹಿಡಿದು ಮಂಡಳಿಗೆ ಬಂದವಳು ಅವಳು. ಮೊದಲ ಏಳು ವರ್ಷ ಹಿಂದಿನ ಸಾಲಿನಲ್ಲಿ ಹಾಡುವವಳು: ಬೀದಿಯ ಜನ, ಮದುವೆಯ ಜನ, ಮಳೆ ಬಂದಾಗ ಓಡುವ ಜನ. ಹಿಂದಿನ ಸಾಲಿನಲ್ಲಿ ನಿಂತವಳ ದನಿ ಮುಂದಿನ ಸಾಲಿನ ತಲೆಗಳನ್ನು ದಾಟಿ ಹೋಗುತ್ತಿತ್ತು. ಮಧ್ಯೆ ಒಂದು ಮದುವೆಯೂ ಆಯಿತು. ಗಂಡ ರಂಗದ ದೀಪ ನೋಡಿಕೊಳ್ಳುವವನು. ಆ ಮದುವೆ ಮೂರು ಸೀಸನ್ ನಡೆದು, ಜನ ಬಾರದ ನಾಟಕದ ಹಾಗೆ ಸದ್ದಿಲ್ಲದೆ ನಿಂತಿತು. ಆಮೇಲೆ ಅಕ್ಕ ತಂಗಿ ಒಂದು ಮಹಡಿ ಮನೆ ಹಿಡಿದರು. ಎರಡು ಕೋಣೆ, ಕಿಟಕಿಯ ಹತ್ತಿರ ಅಕ್ಕ ನಾಟಕಕ್ಕೂ ಹೊತ್ತೊಯ್ಯುವ ಕೀಬೋರ್ಡು, ಬೆಳಿಗ್ಗೆ ಆರೂವರೆಗೆ ಸಾಧನೆ. ಕೆಳಗಿನ ಮನೆಯ ದರ್ಜಿ ಇವಳ ದನಿ ಕೇಳಿದ ಮೇಲೆಯೇ ಹೊಲಿಗೆ ಯಂತ್ರದ ಮುಸುಕು ತೆಗೆಯುತ್ತಿದ್ದ.

ಮಂಡಳಿಯಲ್ಲೊಂದು ಪದ್ಧತಿ ಇತ್ತು. ಸೀಸನ್ನಿನ ಮೊದಲ ದಿನ ಎಲ್ಲರೂ ತಾಲೀಮು ಕೋಣೆಯಲ್ಲಿ ಸೇರಿದಾಗ, ಹಾಡುವವರು ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಶ್ರುತಿ ಯಾವುದೆಂದು ತಾವೇ ಬಾಯಿಬಿಟ್ಟು ಹೇಳಬೇಕು. ದೊಡ್ಡಕ್ಕ ಬರೆದುಕೊಳ್ಳುವಳು. ಗಂಟಲಿನ ವಿಷಯದಲ್ಲಿ ಗುಟ್ಟು ಇರಬಾರದು ಎಂದು ಹಳೆಯ ಯಜಮಾನರು ಮಾಡಿದ ಕಟ್ಟಳೆ ಅದು. ಪುಟ್ಟಕ್ಕ ಪ್ರತಿ ವರ್ಷ ಮೊದಲು ಏಳುವಳು, ಸೆರಗು ಸರಿಮಾಡಿಕೊಂಡು “ಕಪ್ಪು ಐದು” ಅನ್ನುವಳು, ಕೂರುವಳು. ಕೀಬೋರ್ಡಿನ ಕಪ್ಪು ಮನೆಗಳಲ್ಲಿ ಐದನೆಯದನ್ನು ಆಧಾರವಾಗಿ ಹಿಡಿದರೆ ಅದು ಕಪ್ಪು ಐದು. ಹೆಣ್ಣಿನ ಗಂಟಲಿಗೂ ಅದು ಎತ್ತರವೇ. ಮೂವತ್ತು ದಾಟಿದ ಮೇಲೆ ಆ ಶ್ರುತಿಯಲ್ಲಿ ಮೂರನೇ ಅಂಕದ ಬಾಗಿಲ ಹಾಡು ಹಾಡುವವರು ಅಪರೂಪ. ಪುಟ್ಟಕ್ಕ ಐವತ್ತಮೂರಕ್ಕೂ ಹಾಡುತ್ತಿದ್ದಳು, ಅಥವಾ ಹಾಗೆಂದು ತಿಳಿದಿದ್ದಳು. “ದನಿ ಅನ್ನೋದು ಹಲ್ಲಿದ್ದ ಹಾಗೆ, ನೋಡ್ಕೊಂಡ್ರೆ ಇರುತ್ತೆ” ಎಂದು ಹೊಸಬರಿಗೆಲ್ಲ ಉಪದೇಶ ಮಾಡುತ್ತಿದ್ದಳು. ಯಾರಾದರೂ ಶ್ರುತಿ ಇಳಿಸಿದರೆ ಅವಳ ತುಟಿಯ ಒಂದು ತುದಿ ತಾನೇ ಮೇಲೇಳುತ್ತಿತ್ತು.

ಆ ಪಾತ್ರ ಅವಳಿಗೆ ಸಿಕ್ಕಿದ್ದೂ ಹಾಗೆಯೇ. ಅವಳಿಗೆ ಆಗ ಇಪ್ಪತ್ತನಾಲ್ಕು. ಅಲ್ಲಿಯವರೆಗೆ ಮಗಳ ಪಾತ್ರ ಮಾಡುತ್ತಿದ್ದ ಹಿರಿಯ ನಟಿ ಆ ವರ್ಷ ಎದ್ದು ನಿಂತು, ಒಂದು ಕ್ಷಣ ತಡೆದು, “ಬಿಳಿ ಆರು” ಅಂದಳು. ಒಂದೇ ಒಂದು ಮನೆ ಕೆಳಗೆ. ಹಿಂದಿನ ಸಾಲಿನಿಂದ ಪುಟ್ಟಕ್ಕ ಕಿಸಕ್ಕೆಂದು ನಕ್ಕಳು. ಯಜಮಾನರು ತಿರುಗಿ ನೋಡಿದಾಗ ಅಷ್ಟಕ್ಕೇ ಸುಮ್ಮನಾಗಬಾರದೇ? “ನಂಗೆ ಕಪ್ಪು ಐದು ಸರಾಗವಾಗಿ ಆಗುತ್ತೆ” ಅಂದಳು. ಹಾಡು ಅಂದರು, ಹಾಡಿದಳು. ಹಿರಿಯಾಕೆ ಪೂರ್ತಿ ಕೇಳಿದಳು. ಕೊನೆಗೆ “ಚೆನ್ನಾಗಿದೆ ಕಣಮ್ಮ” ಅಂದು, ತನ್ನ ಕೈಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು, ಮತ್ತೆ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ತರಕಾರಿ ಅಂಗಡಿಯ ಮುಂದೆ ಸಿಕ್ಕಾಗ “ಗಂಟ್ಲು ಹೇಗಿದೆ?” ಎಂದು ಅಕ್ಕರೆಯಿಂದಲೇ ಕೇಳಿದ್ದಳು. ಪುಟ್ಟಕ್ಕ ಚೆನ್ನಾಗಿದೆ ಅಂದು ಅವಸರದಲ್ಲಿ ಬಸ್ಸು ಹತ್ತಿದ್ದಳು. ಅದು ಅವಳು ಹೋಗಬೇಕಾದ ಬಸ್ಸೂ ಆಗಿರಲಿಲ್ಲ.

ಈ ವರ್ಷ ಮಂಡಳಿ ಹೊಸ ಸಭಾಂಗಣಕ್ಕೆ ಹೋಗುವುದಿತ್ತು. ಕುರ್ಚಿಗಳು ಮೆತ್ತಗೆ, ಗೋಡೆಗಳು ನುಣ್ಣಗೆ. ಆದರೆ ರಂಗದ ಮುಂದೆ ವಾದ್ಯದವರು ಕೂರುವ ಹಳ್ಳ ಇರಲಿಲ್ಲ. ಹಳೆಯ ಯಜಮಾನರ ಮಗ, ಈಗಿನ ಮ್ಯಾನೇಜರು, ಅದಕ್ಕೊಂದು ಉಪಾಯ ಹುಡುಕಿದ್ದ. ಹದಿನೆಂಟು ವರ್ಷದ ಹಿಂದೆ ರೇಡಿಯೋದವರಿಗಾಗಿ ಇಡೀ ನಾಟಕದ ವಾದ್ಯಗಳನ್ನಷ್ಟೇ ಬೇರೆಯಾಗಿ ಧ್ವನಿಮುದ್ರಿಸಿದ್ದ ಟೇಪು ಕಪಾಟಿನಲ್ಲಿ ಸಿಕ್ಕಿತ್ತು. ಅದನ್ನು ಹಾಕಿದರಾಯಿತು, ನಟರು ಅದರ ಮೇಲೆ ಹಾಡಿದರಾಯಿತು.

“ನಿಮ್ಗಂತೂ ಏನೂ ತೊಂದ್ರೆ ಇಲ್ಲ ಪುಟ್ಟಕ್ಕ,” ಅಂದ ಮ್ಯಾನೇಜರು. “ಅದೂ ಕಪ್ಪು ಐದು, ನೀವೂ ಕಪ್ಪು ಐದು. ಉಳಿದವ್ರ ಗತಿ ನೋಡೋಣ.”

“ಮೇಳದವ್ರು?”

“ಅವ್ರಿಗೆ ಏನಾದ್ರೂ ದಾರಿ ಮಾಡೋಣ” ಎಂದು ಅವನು ಕೈಗಡಿಯಾರ ನೋಡಿಕೊಂಡ. ಏನಾದರೂ ದಾರಿ ಅಂದರೆ ಏನೂ ಇಲ್ಲ ಎಂದು ಪುಟ್ಟಕ್ಕನಿಗೂ ಅರ್ಥವಾಯಿತು. ಮೇಳ ಅಂದರೆ ಐವರು: ದೊಡ್ಡಕ್ಕ, ಕೊಳಲಿನವರು, ಪಿಟೀಲಿನವರು, ಗಿಟಾರಿನವನು, ಡ್ರಮ್ಮಿನವನು. ಅಕ್ಕನಿಗಾಗಿ ಅವಳಿಗೆ ಬೇಸರವಾಯಿತು. ಆದರೆ ನಿಜ ಹೇಳಬೇಕೆಂದರೆ, ಆ ಬೇಸರದ ಪಕ್ಕದಲ್ಲೇ ಸಣ್ಣದೊಂದು ಹೆಮ್ಮೆಯೂ ಕಾಲು ಚಾಚಿ ಕೂತಿತ್ತು. ಹದಿನೆಂಟು ವರ್ಷದ ಹಿಂದಿನ ಶ್ರುತಿಗೆ ಇವತ್ತು ನಿಂತು ಹಾಡುವವರು ಇನ್ಯಾರಿದ್ದಾರೆ?

ಧ್ವನಿ ನೋಡಿಕೊಳ್ಳುವ ಹುಡುಗಿ ಅವಳನ್ನು ಹೊಸ ಸಭಾಂಗಣದ ಕೋಣೆಗೆ ಕರೆದೊಯ್ದು ಆ ಧ್ವನಿಮುದ್ರಿಕೆ ಹಾಕಿದಳು. ಬಾಗಿಲ ಹಾಡು. ಪಲ್ಲವಿ ಹೇಗೋ ಸಾಗಿತು. ಎರಡನೇ ಸಾಲಿಗೇ ಕುತ್ತಿಗೆಯ ನರ ಬಿಗಿಯಿತು. ಚರಣದಲ್ಲಿ ದನಿ ಮೇಲೇರಿದ್ದು ಅಲ್ಲಿಗೆ ಮುಟ್ಟದೆ, ಹಳೆಯ ಬಟ್ಟೆ ಹರಿದ ಹಾಗೆ ಪರ್ರೆಂದು ಒಡೆಯಿತು.

“ನಿನ್ನ ಯಂತ್ರ ಜೋರಾಗಿ ಓಡ್ತಾ ಇದೆ” ಅಂದಳು ಪುಟ್ಟಕ್ಕ.

“ಇಲ್ಲ ಮೇಡಂ.”

“ಓಡ್ತಿದೆ ಅಂದ್ನಲ್ಲ. ಹಳೇ ಟೇಪು, ವೇಗ ಜಾಸ್ತಿ ಆಗಿದೆ. ಇಪ್ಪತ್ತೊಂಬತ್ತು ವರ್ಷದಿಂದ ಹಾಡ್ತಿರೋಳು ನಾನು, ನಂಗೊತ್ತಿಲ್ವಾ? ಸರಿಮಾಡು.”

ಹುಡುಗಿ ಪಾಪ, ವೇಗ ಪರೀಕ್ಷಿಸಿದಳು. ಫೋನಿನಲ್ಲಿ ಶ್ರುತಿ ತೋರಿಸುವ ಸಾಧನ ತೆರೆದು ಹಿಡಿದಳು. ಮುಳ್ಳು ನಟ್ಟನಡುವೆ ನಿಂತಿತ್ತು. “ನಿಮ್ಮದೇ ಶ್ರುತಿ ಮೇಡಂ. ಕಪ್ಪು ಐದು, ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ.” ಪುಟ್ಟಕ್ಕ ಇವತ್ತು ತನಗೆ ಶೀತ ಅಂದಳು. ಮುದ್ರಿಕೆಯನ್ನು ತನ್ನ ಫೋನಿಗೆ ಹಾಕಿಸಿಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ಗಂಟಲು ಕೆರೆದು ಕೆರೆದು ನೋಡಿದಳು. ಶೀತ ಇರಲಿಲ್ಲ.

ಅಕ್ಕ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಪುಟ್ಟಕ್ಕ ಚಪ್ಪಲಿಯನ್ನೂ ಬಿಡದೆ ಕೀಬೋರ್ಡಿನ ಮುಂದೆ ಕೂತು ಐದನೆಯ ಕಪ್ಪು ಮನೆ ಒತ್ತಿದಳು. ದಿನವೂ ಕೇಳುವ ನಾದ, ಅವಳ ಗಂಟಲಿಗೆ ಹಾಸಿಗೆ ಹಾಸಿದಂತಿದ್ದ ನಾದ. ಆಮೇಲೆ ಫೋನಿನಲ್ಲಿ ಮುದ್ರಿಕೆ ಹಾಕಿ ಅದೇ ಮನೆ ಮತ್ತೆ ಒತ್ತಿದಳು. ಎರಡೂ ಒಂದನ್ನೊಂದು ಕಚ್ಚಿದವು. ಮುದ್ರಿಕೆಯದು ಎಲ್ಲೋ ಮೇಲಿತ್ತು, ಕೀಬೋರ್ಡಿನದು ಕೆಳಗೆ. ಬಟನ್ನುಗಳ ನಡುವಿನ ಕಿರುಪರದೆಯ ಕಡೆ ಅವಳು ಇಷ್ಟು ವರ್ಷದಲ್ಲಿ ಕಣ್ಣೆತ್ತಿ ನೋಡಿದವಳಲ್ಲ. ಯಂತ್ರ ನೋಡಿಕೊಳ್ಳುವುದು ಅಕ್ಕನ ಪಾಲು, ಹಾಡುವುದು ತನ್ನ ಪಾಲು. ಈಗ ನೋಡಿದಳು. ಮೂಲೆಯಲ್ಲೊಂದು ಮೈನಸ್ ಗುರುತು, ಅದರ ಮುಂದೆ ಮುನ್ನೂರು.

“ಅಕ್ಕಾ,” ಅಂದಳು, “ಇದು ಯಾವಾಗಿಂದ?”

ಚಾಕುವಿನ ಸದ್ದು ನಿಂತಿತು. “ಯಾವುದು?”

“ನಾಟಕ ಆಡ್ಬೇಡ. ಅದು ನನ್ನ ಕೆಲ್ಸ.”

ದೊಡ್ಡಕ್ಕ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಸುಳ್ಳು ಹೇಳಲು ಅವಳಿಗೆ ಯಾವತ್ತೂ ಬರುತ್ತಿರಲಿಲ್ಲ. ಮುಚ್ಚಿಡಲು ಮಾತ್ರ ಚೆನ್ನಾಗಿ ಬರುತ್ತಿತ್ತು. “ಹನ್ನೆರಡು ವರ್ಷ ಆಯ್ತು ಪುಟ್ಟಿ. ಆ ಚಳಿಗಾಲ ನಿನ್ಗೆ ಗಂಟ್ಲು ಕಟ್ಟಿ ತಿಂಗ್ಳು ಮಲಗಿದ್ಯಲ್ಲ, ಆಮೇಲಿಂದ. ವರ್ಷಕ್ಕೆ ಕಾಲು ಮನೆ. ರಜೆ ಮುಗ್ಸಿ ಬಂದಾಗ ಒಂಚೂರು ಇಳಿಸ್ತಿದ್ದೆ, ಕಿವಿ ವಿಶ್ರಾಂತಿ ತಗೊಂಡಿರುತ್ತಲ್ಲ, ಗೊತ್ತಾಗ್ತಿರ್ಲಿಲ್ಲ. ಬೆರಳು ಕಪ್ಪು ಐದರ ಮೇಲೇ ಇರ್ತಿತ್ತು.”

“ಹನ್ನೆರಡು ಕಾಲು. ಅಂದ್ರೆ ಮೂರು ಮನೆ.”

“ಹೂಂ. ಮನೆಗೆ ನೂರು, ಅದಕ್ಕೇ ಅಲ್ಲಿ ಮುನ್ನೂರು. ಬಿಳಿ ಐದು.”

“ಮೇಳದವ್ರಿಗೆ ಗೊತ್ತಾ?”

“ಗೊತ್ತಿಲ್ದೆ ಹೇಗೆ ನುಡಿಸ್ತಾರೆ?”

“ಎಲ್ರಿಗೂ?”

“ಡ್ರಮ್ಮಿನವ್ನಿಗೆ ಗೊತ್ತಿರ್ಲಿಕ್ಕಿಲ್ಲ,” ಅಂದಳು ದೊಡ್ಡಕ್ಕ ಪ್ರಾಮಾಣಿಕವಾಗಿ. “ಅವ್ನಿಗೆ ಶ್ರುತಿ ಅಂದ್ರೇನೇ ಅಷ್ಟಾಗಿ ಗೊತ್ತಿಲ್ಲ.”

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಪುಟ್ಟಕ್ಕನ ಮುಖ ಕೆಂಡವಾಗಿತ್ತು. ಪ್ರತಿ ವರ್ಷ ತಾನು ಎದ್ದು ನಿಂತು ಕಪ್ಪು ಐದು ಅಂದಾಗ, ಎದುರಿಗೆ ಕೂತು ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡವಳು ಇವಳು. ಪಕ್ಕದಲ್ಲಿ ಕೂತು ಕೇಳಿದವರು ಆ ಮೂವರು. “ಎಲ್ರೂ ಸೇರಿ ನನ್ನ ಮಂಗ ಮಾಡಿದ್ರಿ” ಅಂದಳು.

“ನಿನ್ಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ ಪುಟ್ಟಿ?” ಅಕ್ಕ ಚುಚ್ಚಲು ಕೇಳಿದ್ದಲ್ಲ, ತಿಳಿಯಲೆಂದೇ ಕೇಳಿದ್ದಳು. ಅದರಿಂದಲೇ ಪುಟ್ಟಕ್ಕನಿಗೆ ಹೆಚ್ಚು ನೋವಾಯಿತು. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡು ದಿನ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಅಕ್ಕ ತಟ್ಟೆ ಇಟ್ಟರೆ ತಂಗಿ ಲೋಟ ಕುಕ್ಕುವಳು. ಬೆಳಿಗ್ಗೆ ಆರೂವರೆಯ ಸಾಧನೆ ನಿಂತಿತು. ಕೆಳಗಿನ ದರ್ಜಿ ಎರಡೂ ದಿನ ಕೆಲಸ ತಡವಾಗಿ ಶುರುಮಾಡಿದ. ಮುಖ ಊದಿಸಿಕೊಂಡು ಕಿಟಕಿಯ ಹತ್ತಿರ ಕೂತ ಪುಟ್ಟಕ್ಕನಿಗೆ ಅಕ್ಕನ ಪ್ರಶ್ನೆ ಬಿಟ್ಟು ಬೇರೇನೂ ತೋಚಲಿಲ್ಲ. ಗೊತ್ತಿರಲಿಲ್ಲವೇ? ನಲವತ್ತೊಂದರಲ್ಲಿ ಬಾಗಿಲ ಹಾಡಿನ ಮೊದಲು ಅವಳಿಗೆ ಅಂಗೈ ಬೆವರುತ್ತಿತ್ತು, ನಲವತ್ತೈದರಲ್ಲಿ ಬೆವರುವುದು ನಿಂತಿತ್ತು. ವಯಸ್ಸಾಗುತ್ತಾ ಹಾಡು ಸುಲಭವಾಗುವುದು ಯಾವ ಲೋಕದ ನ್ಯಾಯ? ಅವಳು ಆ ಪ್ರಶ್ನೆಯನ್ನು ಒಮ್ಮೆಯೂ ತನಗೆ ತಾನು ಕೇಳಿಕೊಂಡಿರಲಿಲ್ಲ. ಕೇಳಿದರೆ ಉತ್ತರ ಸಿಗುತ್ತಿತ್ತು, ಅದಕ್ಕೇ ಕೇಳಿರಲಿಲ್ಲ. ಅಕ್ಕ ಮುಚ್ಚಿಟ್ಟದ್ದಕ್ಕಿಂತ ಶ್ರದ್ಧೆಯಿಂದ ತಾನೇ ಕಣ್ಣು ಮುಚ್ಚಿಕೊಂಡಿದ್ದಳು.

ಮೂರನೇ ದಿನ ಮಧ್ಯಾಹ್ನ, ದೊಡ್ಡಕ್ಕ ಹೊರಗೆ ಹೋಗಿದ್ದಾಗ ಕೊಳಲಿನವರು ಬಂದರು. ಅರವತ್ತು ದಾಟಿದ ಸಣ್ಣ ಆಳು, ಮಾತೂ ಸಣ್ಣದು. ಅಕ್ಕ ವಿಷಯ ತಿಳಿಸಿದ್ದಳೆಂದು ಅವರು ಕುರ್ಚಿಯ ಅಂಚಿನಲ್ಲಿ ಕೂತ ರೀತಿಯಿಂದಲೇ ತಿಳಿಯುತ್ತಿತ್ತು.

“ನನ್ನ ಹಾಡಿಗೆ ಅಂತ ನಿಮ್ಮ ಹತ್ರ ಎಷ್ಟು ಕೊಳಲಿದೆ?” ನೇರವಾಗಿ ಕೇಳಿದಳು ಪುಟ್ಟಕ್ಕ.

“ಹನ್ನೆರಡು,” ಅಂದರು ಅವರು. “ವರ್ಷಕ್ಕೊಂದು. ಕೊಳಲು ಮಾಡೋನು ನಾಲ್ಕರಲ್ಲಿ ಮೂರು ಸಲ ಬೈತಿದ್ದ. ಈ ಅಳತೆ ಯಾವ ಶ್ರುತಿಗೂ ಕೂರಲ್ಲ, ಇದನ್ನ ಯಾರ್ರೀ ಊದ್ತಾರೆ ಅಂತ.”

“ಯಾಕೆ ಮಾಡಿಸಿದ್ರಿ?”

ಅವರು ಸ್ವಲ್ಪ ಯೋಚಿಸಿದರು. “ಮೊದಲ್ನೇ ವರ್ಷ ದೊಡ್ಡಕ್ಕ ಕೇಳಿದ್ರು ಅಂತ. ಆಮೇಲೆ ನಮ್ಗೇ ಬೇಕು ಅನ್ನಿಸ್ತು. ಬಾಗಿಲ ಹಾಡು ಮುಗಿದ್ಮೇಲೆ ನೀವು ಒಂದ್ಸಲ ನಮ್ಮ ಹಳ್ಳದ ಕಡೆ ನೋಡಿ ನಗ್ತೀರಲ್ಲ ಪುಟ್ಟಕ್ಕ. ಆ ನಗು ನಿಂತು ಹೋಗೋದು ಬೇಡ ಅಂತ.”

ಅವರು ಏನನ್ನೂ ಬೇಡಲಿಲ್ಲ. ನೀರು ಕುಡಿದರು, ಸೋಮವಾರ ಶ್ರುತಿ ಹೇಳುವ ದಿನ ಎಲ್ಲರೂ ಕೊನೆಯ ಸಲ ಬರುತ್ತೇವೆ ಅಂದರು, ಹೋದರು. ಅವರ ಮುಂದೆ ಅಳಬಾರದೆಂದು ತಡೆದುಕೊಂಡಿದ್ದ ಪುಟ್ಟಕ್ಕ ಬಾಗಿಲು ಹಾಕಿ ಅಲ್ಲೇ ನಿಂತು ಅತ್ತಳು. ನಾಚಿಕೆಗೆ ಅತ್ತಳು, ಕೃತಜ್ಞತೆಗೂ ಅತ್ತಳು. ಯಾವುದು ಎಷ್ಟೆಂದು ಅವಳಿಗೂ ತಿಳಿಯಲಿಲ್ಲ.

ಈಗ ಅವಳ ಮುಂದೆ ಎರಡು ದಾರಿಗಳಿದ್ದವು. ಒಂದು ಬಹಳ ಸಲೀಸು. ಗಂಟಲಿಗೆ ವೈದ್ಯರು ಒಂದು ವರ್ಷ ವಿಶ್ರಾಂತಿ ಹೇಳಿದ್ದಾರೆ ಅಂದುಬಿಟ್ಟರೆ ಮುಗಿಯಿತು. ಮುದ್ರಿಕೆಯ ಮೇಲೆ ಇನ್ಯಾರೋ ಹಾಡಿಕೊಳ್ಳುತ್ತಾರೆ. ಕಪ್ಪು ಐದರ ಪುಟ್ಟಕ್ಕ ಎಂಬ ಹೆಸರಿಗೆ ಒಂದು ಗೀರೂ ಬೀಳುವುದಿಲ್ಲ, ಮೇಳದ ಐವರು ತಮ್ಮ ಪಾಡಿಗೆ ಮನೆಗೆ ಹೋಗುತ್ತಾರೆ. ಇನ್ನೊಂದು ದಾರಿಯಲ್ಲಿ ನಿಜ ಹೇಳಬೇಕು. ಹೇಳಿದರೆ ಮೇಳ ಉಳಿದರೂ ಉಳಿಯಬಹುದು, ಹೆಸರು ಉಳಿಯುವುದಿಲ್ಲ. ಹಿರಿಯಾಕೆಗೆ ಒಂದು ಮನೆ ಇಳಿಸಿದ್ದನ್ನು ಹೇಳಲು ಎಷ್ಟು ಧೈರ್ಯ ಬೇಕಾಗಿತ್ತೆಂದು ಪುಟ್ಟಕ್ಕನಿಗೆ ಇಪ್ಪತ್ತೊಂಬತ್ತು ವರ್ಷ ತಡವಾಗಿ ಗೊತ್ತಾಯಿತು. ತಾನು ಹೇಳಬೇಕಾದದ್ದು ಮೂರು ಮನೆ.

ಸೋಮವಾರ ತಾಲೀಮು ಕೋಣೆಯಲ್ಲಿ ಇಪ್ಪತ್ತು ಜನ ಸೇರಿದ್ದರು. ದೊಡ್ಡಕ್ಕ ನೋಟ್‌ಬುಕ್ಕು ತೆರೆದು ಕೂತಿದ್ದಳು. ತಂಗಿಯ ಕಡೆ ನೋಡುವ ಧೈರ್ಯ ಮಾಡಿರಲಿಲ್ಲ. ಮ್ಯಾನೇಜರು ಹೊಸ ಸಭಾಂಗಣವನ್ನು ಹೊಗಳಿ, ಮುದ್ರಿಕೆಯ ವಿಷಯ ಹೇಳಿ, ಮೇಳದವರ ಸೇವೆಯನ್ನು ಒಂದೆರಡು ಮಾತಿನಲ್ಲಿ ಸ್ಮರಿಸಿ, “ಪುಟ್ಟಕ್ಕ, ಶುರು ಮಾಡಿ” ಅಂದ.

ಪುಟ್ಟಕ್ಕ ಎದ್ದಳು. ಸೆರಗು ಸರಿಮಾಡಿಕೊಂಡಳು.

“ಬಿಳಿ ಐದು” ಅಂದಳು.

ಯಾರೋ ತಮಾಷೆ ಎಂದುಕೊಂಡು ನಕ್ಕರು. ಅವಳು ಆ ನಗು ಮುಗಿಯುವವರೆಗೆ ಕಾದಳು.

“ಹನ್ನೆರಡು ವರ್ಷದಿಂದ ನಂದು ಕಪ್ಪು ಐದಲ್ಲ. ಅಕ್ಕ ಚೂರು ಚೂರೇ ಇಳಿಸ್ತಾ ಬಂದ್ಲು, ಮೇಳದವ್ರು ಜೊತೆಗೆ ಇಳಿದ್ರು. ನಾನೊಬ್ಳು ಮಾತ್ರ ಮೇಲೇ ಇದ್ದೀನಿ ಅಂತ ಮೆರೀತಿದ್ದೆ. ಇಳಿಸಿದವ್ರನ್ನ ಕಂಡ್ರೆ ನಗ್ತಾನೂ ಇದ್ದೆ. ಆ ಟೇಪಿನ ಮೇಲೆ ನನ್ನ ಕೈಲಿ ಹಾಡೋಕಾಗಲ್ಲ. ಹೋದ ವಾರ ಪ್ರಯತ್ನ ಮಾಡ್ದೆ, ದನಿ ಒಡೀತು. ಬೇಕಾದ್ರೆ ಆ ಮಗೂನ ಕೇಳಿ.” ಧ್ವನಿಯ ಹುಡುಗಿ ತಲೆ ತಗ್ಗಿಸಿದಳು.

ದೊಡ್ಡಕ್ಕನ ಪೆನ್ನು ನೋಟ್‌ಬುಕ್ಕಿನ ಮೇಲೆ ಒಂದೇ ಕಡೆ ನಿಂತು ಶಾಯಿ ಹರಡುತ್ತಿತ್ತು.

ಮ್ಯಾನೇಜರು ಒಳ್ಳೆಯವನೇ, ಆದರೆ ಲೆಕ್ಕಾಚಾರದವನು. “ಹಾಗಾದ್ರೆ ಮಗಳ ಪಾತ್ರ...” ಎಂದು ತಡೆದು, ಗೆಳತಿಯ ಪಾತ್ರ ಮಾಡುವ ಹುಡುಗಿಯ ಕಡೆ ನೋಡಿದ. “ನಿಂದೇನಮ್ಮ?”

ಹುಡುಗಿ ಎದ್ದಳು. ಪುಟ್ಟಕ್ಕನ ಮುಖ ನೋಡಿದಳು, ನೆಲ ನೋಡಿದಳು. “ನಂದು ಬಿಳಿ ಆರು ಸಾರ್.”

“ಸುಳ್ಳು ಹೇಳ್ಬೇಡ್ವೇ,” ಅಂದಳು ಪುಟ್ಟಕ್ಕ. “ನನ್ನ ಮೇಲಿನ ಮರ್ಯಾದೆಗೆ ನೀನೂ ಇಳಿಸ್ಕೋಬೇಡ. ಇಳಿಸಿದವ್ರು ಆಗ್ಲೇ ಸಾಕಷ್ಟು ಜನ ಇದ್ದಾರೆ.”

ಈ ಸಲದ ನಗುವಿನಲ್ಲಿ ಮೇಳದವರೂ ಸೇರಿದರು. ಹುಡುಗಿ ಮೆಲ್ಲಗೆ “ಕಪ್ಪು ಐದು ಆಗುತ್ತೆ” ಅಂದಳು.

“ಪಾತ್ರ ಅವ್ಳಿಗೆ ಕೊಡಿ,” ಅಂದಳು ಪುಟ್ಟಕ್ಕ ಮ್ಯಾನೇಜರಿಗೆ. ಆ ಮೂರು ಪದ ಹೇಳುವಾಗ ಎದೆಯಿಂದ ಏನೋ ಕಿತ್ತುಕೊಂಡು ಹೋದ ಹಾಗಾಯಿತು. “ಆದ್ರೆ ಅವ್ಳನ್ನ ಟೇಪಿಗೆ ಕಟ್ಟಿಹಾಕ್ಬೇಡಿ. ನಾನು ಉಸಿರು ತಪ್ಪಿದಾಗ ಇವ್ರು ನಿಂತಿದ್ದಾರೆ. ಸಾಲು ಮರೆತಾಗ ಹಿಂದಿನ ಸಾಲು ಮತ್ತೆ ನುಡಿಸಿ ಕಾದಿದ್ದಾರೆ. ಜನಕ್ಕೆ ಒಂದು ದಿನವೂ ಗೊತ್ತಾಗಿಲ್ಲ. ನಿಮ್ಮ ಟೇಪು ಯಾರಿಗೆ ಕಾಯುತ್ತೆ ಹೇಳಿ? ಇನ್ನು ಮೂವತ್ತು ವರ್ಷಕ್ಕೆ ಈ ಹುಡುಗೀಗೂ ವಯಸ್ಸಾಗುತ್ತೆ. ಆಗ ಇವ್ಳಿಗೆ ಯಾರು ಇಳಿಸ್ಕೊಡ್ತಾರೆ?”

“ಅಲ್ಲಿ ಕೂರೋಕೆ ಜಾಗ ಇಲ್ವಲ್ಲ ಪುಟ್ಟಕ್ಕ. ಹಳ್ಳಾನೇ ಇಲ್ಲ.”

“ರಂಗದ ಮೇಲೇ ಕೂರ್ಲಿ ಸಾರ್,” ಅಂದಳು ಹುಡುಗಿ. ಅಷ್ಟು ಜನರ ನಡುವೆ ಮಾತಾಡಿದ್ದಕ್ಕೆ ಅವಳಿಗೇ ಗಾಬರಿಯಾದಂತಿತ್ತು. “ಬೀಗದವನ ಬೀದೀಲಿ ನೆರೆಹೊರೆಯವ್ರು ಇರಲ್ವಾ? ಅವ್ರ ಹಾಗೆ.”

ಮ್ಯಾನೇಜರು ಗಲ್ಲ ಕೆರೆದುಕೊಂಡ. ಡ್ರಮ್ಮಿನವನು, ತನಗೆ ನೆರೆಮನೆಯವನ ಪಾತ್ರವಾದರೆ ಟೋಪಿ ಬೇಕು ಅಂದ. ಕೊನೆಗೆ ಒಂದು ತಿಂಗಳು ಹಾಗೆ ನಡೆಸಿ ನೋಡೋಣ ಎಂದಾಯಿತು. ಪುಟ್ಟಕ್ಕನಿಗೆ ಬೀಗದವನ ಹೆಂಡತಿಯ ಪಾತ್ರ. ಇಡೀ ನಾಟಕದಲ್ಲಿ ಆ ಹೆಂಡತಿಗೆ ಎಂಟು ಸಾಲಿನ ಒಂದೇ ಹಾಡು. ಎರಡನೇ ಅಂಕದಲ್ಲಿ, ಬಟ್ಟೆ ಮಡಚುತ್ತಾ ಹಾಡುವುದು. ಜನ ಆ ಹೊತ್ತಿಗೆ ಕಾಲು ಚಾಚಿ, ಕೆಮ್ಮಿ, ಪಕ್ಕದವರನ್ನು ಮಾತಾಡಿಸಿ ಮುಗಿಸುತ್ತಿದ್ದರು.

ಅವತ್ತೇ ತಾಲೀಮು ಶುರುವಾಯಿತು. ಹುಡುಗಿಗಾಗಿ ದೊಡ್ಡಕ್ಕ ಬಟನ್ ಒತ್ತಿ ಕಿರುಪರದೆಯನ್ನು ಸೊನ್ನೆಗೆ ತಂದಳು. ಕೊಳಲಿನವರು ಚೀಲದ ತಳದಿಂದ ಹಳೆಯ ಗಿಡ್ಡ ಕೊಳಲು ಹುಡುಕಿ ತೆಗೆದರು. ಬಾಗಿಲ ಹಾಡು ಹನ್ನೆರಡು ವರ್ಷದ ಮೇಲೆ ತನ್ನ ಹಳೆಯ ಜಾಗದಲ್ಲಿ ಎದ್ದಿತು. ಗೋಡೆಗೊರಗಿ ಕೂತಿದ್ದ ಪುಟ್ಟಕ್ಕ ಬೆಚ್ಚಿದಳು. ಇಷ್ಟು ಎತ್ತರದಲ್ಲಿತ್ತೇ ಇದು? ಇಲ್ಲಿ ತಾನು ನಿಂತಿದ್ದೆನೇ? ಹೊಟ್ಟೆ ಉರಿಯಿತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಚರಣದಲ್ಲಿ ಹುಡುಗಿಯ ದನಿ ಮೇಲಕ್ಕೆ ಹೋಗಿ ನಿಂತಾಗ ಆ ಉರಿ ಕೂಡ ಒಂದು ಕ್ಷಣ ಬಾಯಿ ತೆರೆದು ಕೇಳಿತು.

ಹಾಡು ಮುಗಿಸಿದ ಹುಡುಗಿ ಅಳುಕುತ್ತಾ ಹತ್ತಿರ ಬಂದಳು. “ಹೇಗಿತ್ತಮ್ಮ?”

“ಮೇಲೆ ಹೋಗೋ ಮುಂಚೆ ಅಷ್ಟು ದೊಡ್ಡ ಉಸಿರು ತಗೋಬೇಡ,” ಅಂದಳು ಪುಟ್ಟಕ್ಕ. “ಎತ್ತರ ಬರ್ತಿದೆ ಅಂತ ಜನಕ್ಕೆ ಮೊದಲೇ ತಿಳಿದುಹೋಗುತ್ತೆ. ಎರಡು ಸಾಲು ಹಿಂದೇನೇ ಕದ್ದು ತಗೋ.” ಆಮೇಲೆ ಅವಳ ಕೈ ಹಿಡಿದುಕೊಂಡು, ಇಪ್ಪತ್ತೊಂಬತ್ತು ವರ್ಷದ ಹಿಂದೆ ತನಗೊಬ್ಬಳು ಹೇಳಿದ್ದನ್ನು ಹೇಳಿದಳು. “ಚೆನ್ನಾಗಿದೆ ಕಣಮ್ಮ.” ಆದರೆ ಎದ್ದು ಹೋಗಲಿಲ್ಲ, ಅಲ್ಲೇ ಕೂತಳು.

ಊಟದ ಬಿಡುವಾದ ಮೇಲೆ ಬೀಗದವನ ಹೆಂಡತಿಯ ಹಾಡಿನ ಸರದಿ. ಪುಟ್ಟಕ್ಕ ಕೀಬೋರ್ಡಿನ ಪಕ್ಕ ನಿಂತಳು. ಐದು ದಿನದಿಂದ ಅಕ್ಕ ತಂಗಿ ಮಾತಾಡಿರಲಿಲ್ಲ. ದೊಡ್ಡಕ್ಕ ಮನೆಗಳ ಮೇಲೆ ಬೆರಳಿಟ್ಟುಕೊಂಡು ತಲೆ ಎತ್ತದೆ ಕೇಳಿದಳು, “ಎಲ್ಲಿಂದ ಹಿಡೀಲಿ?”

ಮ್ಯಾನೇಜರಿಗೆ, ಮೇಳಕ್ಕೆ, ಯಾರಿಗೂ ಅದರಲ್ಲೇನೂ ಕಾಣಲಿಲ್ಲ. ಪುಟ್ಟಕ್ಕನಿಗೆ ಮಾತ್ರ ಕಂಡಿತು. ಹನ್ನೆರಡು ವರ್ಷದಲ್ಲಿ ಅಕ್ಕ ಅವಳನ್ನು ಹೀಗೆ ಕೇಳಿರಲಿಲ್ಲ. ಕೇಳುವ ಹಾಗೆ ಇವಳು ಬಿಟ್ಟಿರಲಿಲ್ಲ.

“ಬಿಳಿ ಐದು ನೋಡೋಣ.”

ನೋಡಿದರು. ದನಿ ಹೊರಟಿತು, ಆದರೆ ಎಂದಿನ ಹಾಗೆ ತುದಿಗಾಲಲ್ಲಿ ನಿಂತೇ ಇತ್ತು. ಎರಡು ಸಾಲಾದ ಮೇಲೆ ಅವಳು ಕೈ ಎತ್ತಿ ನಿಲ್ಲಿಸಿದಳು. “ಇನ್ನೂ ಇಳಿಸು.”

“ಇಳಿಸ್ಲಾ?”

“ಇಳಿಸಕ್ಕ. ಹೆದರ್ಬೇಡ.”

ಬಿಳಿ ನಾಲ್ಕು. ಇನ್ನೂ. ಬಿಳಿ ಮೂರು. ಅಲ್ಲಿ ದೊಡ್ಡಕ್ಕ ಒಂದು ನಾದ ಹಿಡಿದು ನಿಂತಳು. ಪಿಟೀಲಿನವರು ಹುಬ್ಬೇರಿಸಿದರು, ಅಷ್ಟು ಕೆಳಗೆ ಈ ಮಂಡಳಿಯಲ್ಲಿ ಹೆಂಗಸರು ಯಾರೂ ಹಾಡಿರಲಿಲ್ಲ. ಪುಟ್ಟಕ್ಕ ಕಣ್ಣು ಮುಚ್ಚಿ, ತಳ್ಳದೆ, ಎಳೆಯದೆ ಬಾಯಿ ತೆರೆದಳು. ಒಂದು ದನಿ ಬಂತು. ಅಗಲವಾದ, ಸ್ವಲ್ಪ ಒರಟಾದ, ಬೆಚ್ಚಗಿನ ದನಿ. ಹತ್ತೊಂಬತ್ತರ ಹುಡುಗಿಯದಲ್ಲ, ಮನೆಮಂದಿಯ ಬಟ್ಟೆ ಮಡಚಿ ಮಡಚಿ ಕೈ ಸವೆದವಳದು. ಅದು ತನ್ನದೇ ಎಂದು ಅವಳಿಗೆ ನಂಬಲು ಒಂದು ಸಾಲು ಬೇಕಾಯಿತು. ಎರಡನೇ ಸಾಲಿಗೆ ಅವಳು ಅದರೊಳಗೆ ಆರಾಮವಾಗಿ ಕೂತುಬಿಟ್ಟಳು. ಬಾಗಿಲ ಬಳಿ ಬಟ್ಟೆ ಅಳೆಯುತ್ತಿದ್ದ ಉಡುಪು ಹೊಲಿಯುವವಳು ಅಳತೆ ಪಟ್ಟಿಯನ್ನು ಕೈಯಲ್ಲೇ ಹಿಡಿದು ನಿಂತಳು. ಎಂಟು ಸಾಲು ಮುಗಿದಾಗ ಕೊಳಲಿನವರಿಗೆ ತಮ್ಮ ಜಾಗ ಬಂದದ್ದೇ ಮರೆತುಹೋಗಿತ್ತು.

ದೊಡ್ಡಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. “ಪುಟ್ಟಿ, ನೀನು ಇಲ್ಲಿದ್ದೀಯ ಅಂತ ಗೊತ್ತಿದ್ದಿದ್ರೆ,” ಅಂದಳು, “ನಾನು ಒಂದೇ ಸಲ ಇಳಿಸಿಬಿಡ್ತಿದ್ದೆ. ಹೆದರಿ ಹೆದರಿ ಕಾಲು ಕಾಲು ಮನೆ ಇಳಿಸ್ತಾ ಕೂತೆ.”

“ಒಂದೇ ಸಲ ಇಳಿಸಿದ್ದಿದ್ರೆ ನಿನ್ನ ಬೆರಳು ಕಚ್ತಿದ್ದೆ ಅಕ್ಕ.”

“ಅದೂ ಗೊತ್ತಿತ್ತು.”

ಇಬ್ಬರೂ ನಕ್ಕರು, ಅಳುತ್ತಲೇ ನಕ್ಕರು. ಇನ್ನೊಮ್ಮೆ ನೋಡೋಣ, ಈ ಸಲ ಮರೆಯುವುದಿಲ್ಲ ಅಂದರು ಕೊಳಲಿನವರು. ಆದರೆ ಅವರ ಹತ್ತಿರ ಅಷ್ಟು ಉದ್ದದ ಕೊಳಲು ಇರಲಿಲ್ಲ. ನಾಳೆ ಹೋಗಿ ಮಾಡಿಸುತ್ತೇನೆ ಎಂದು ಅಳತೆ ಬರೆದುಕೊಂಡರು. ಈ ಸಲದ್ದು ಸರಿಯಾದ ಅಳತೆ, ಕೊಳಲು ಮಾಡುವವನು ಬೈಯಲಾರ.

“ಬರ್ಕೋ ಅಕ್ಕ,” ಅಂದಳು ಪುಟ್ಟಕ್ಕ. “ಬಿಳಿ ಮೂರು. ದೊಡ್ಡಕ್ಷರದಲ್ಲಿ ಬರಿ.”